ರಿಪೇರಿಗೆಂದು ಹುಟ್ಟಿದ ಕಂಪನಿ ‘ಹೊಸದು ಕೊಳ್ಳಿ’ ಎನ್ನತೊಡಗಿದಾಗ

ಸಣ್ಣ ಲ್ಯಾಬ್ ಮತ್ತು ಆಸ್ಪತ್ರೆಗಳ ಸಾಧನಗಳನ್ನು ರಿಪೇರಿ ಮಾಡುವ ಕಂಪನಿಯೊಂದರ ಸ್ಥಾಪಕಿ ಎಂಟನೇ ವರ್ಷದಲ್ಲಿ ಅದನ್ನು ಮಾರಿ ಕೈತೊಳೆದುಕೊಳ್ಳಲು ಹೊರಟಿದ್ದರು. ಕಂಪನಿ ನಷ್ಟದಲ್ಲಿರಲಿಲ್ಲ, ಸಾಲಗಾರರ ಕಾಟವೂ ಇರಲಿಲ್ಲ, ಆದಾಯ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆದರೂ ‘ಇದನ್ನು ಯಾಕೆ ಮಾಡುತ್ತಿದ್ದೇನೆ’ ಎಂದು ಕೇಳಿಕೊಂಡರೆ ಅವರ ಬಳಿ ಉತ್ತರ ಉಳಿದಿರಲಿಲ್ಲ. ಮೊದಲ ಒಂದು ವರ್ಷ ಎಲ್ಲರೂ ಇದನ್ನು ದಣಿವು ಎಂದೇ ತಿಳಿದರು. ಅದಕ್ಕೆ ತಕ್ಕ ಮದ್ದನ್ನೂ ಮಾಡಿದರು, ಒಂದೂ ನಾಟಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಅವರೇ ಸಹಿ ಹಾಕಿ ಕಳಿಸಿದ್ದ 11 ಪತ್ರಗಳಲ್ಲಿ.

ಗುರುತು ಸಿಗದಿರಲೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದೆ. ನಿರ್ಧಾರಗಳು ನಡೆದ ಕ್ರಮವನ್ನು ಮುಟ್ಟಿಲ್ಲ.

ಹಿನ್ನೆಲೆ

ಸ್ಥಾಪಕಿ ಎಂಜಿನಿಯರ್. ದೊಡ್ಡ ತಯಾರಿಕಾ ಕಂಪನಿಯೊಂದರ ಸರ್ವಿಸ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ ಒಂದು ಸಂಗತಿ ಅವರನ್ನು ಕಾಡುತ್ತಿತ್ತು. ಒಂದು ಮಾದರಿಯ ತಯಾರಿಕೆ ನಿಂತು ಕೆಲವು ವರ್ಷಗಳಾದರೆ ಬಿಡಿಭಾಗ ಬರುವುದು ನಿಲ್ಲುತ್ತದೆ. ಆಮೇಲೆ ಚೆನ್ನಾಗಿರುವ ಸಾಧನವನ್ನೂ ‘ರಿಪೇರಿಗೆ ಯೋಗ್ಯವಲ್ಲ’ ಎಂದು ಬರೆದುಕೊಟ್ಟು ಮೂಲೆಗೆ ತಳ್ಳುತ್ತಾರೆ. ರಕ್ತದಂಥ ಮಾದರಿಯನ್ನು ವೇಗವಾಗಿ ತಿರುಗಿಸಿ ಅಂಶಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ತಿರುಗುವುದನ್ನು ನಿಲ್ಲಿಸಿದರೆ ಹೆಚ್ಚಿನ ಸಲ ಕಾರಣ ಮೋಟಾರಿನ ಸವೆದ ಕಾರ್ಬನ್ ಬ್ರಷ್ ಅಥವಾ ಮುಚ್ಚಳದ ಲಾಕ್ ಸ್ವಿಚ್. ಸೂಕ್ಷ್ಮದರ್ಶಕದ ಫೋಕಸ್ ಗುಂಡಿ ಬಿಗಿಯಾಗುವುದು ಒಳಗಿನ ಗ್ರೀಸ್ ಗಟ್ಟಿಯಾಗಿರುವುದರಿಂದ. ಒತ್ತಡದ ಹಬೆಯಿಂದ ಉಪಕರಣಗಳ ಸೂಕ್ಷ್ಮಾಣು ಕೊಲ್ಲುವ ಆಟೋಕ್ಲೇವ್ ಒತ್ತಡ ಹಿಡಿಯದಿದ್ದರೆ ಮೊದಲು ನೋಡಬೇಕಾದ್ದು ಹಬೆ ಸೋರದಂತೆ ತಡೆಯುವ ಬಾಗಿಲಿನ ಗ್ಯಾಸ್ಕೆಟ್. ಇವ್ಯಾವುವೂ ದೊಡ್ಡ ವಿದ್ಯೆಯಲ್ಲ, ಆದರೆ ಸಣ್ಣ ಗ್ರಾಹಕರಿಗೆ ಇದನ್ನು ಮಾಡಿಕೊಡುವವರು ಇರಲಿಲ್ಲ. ಅವರು ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಂಡು ಕಂಪನಿ ಶುರುಮಾಡಿದ್ದು ಇದಕ್ಕಾಗಿಯೇ. ಆ ಸಹ-ಸ್ಥಾಪಕರದು ಮಾರಾಟ ಮತ್ತು ಹಣಕಾಸಿನ ಹಿನ್ನೆಲೆ.

ಎಂಟನೇ ವರ್ಷದ ಹೊತ್ತಿಗೆ 64 ಜನ ಕೆಲಸಕ್ಕಿದ್ದರು. ಅವರಲ್ಲಿ 28 ಮಂದಿ ಗ್ರಾಹಕರ ಬಳಿಗೆ ಹೋಗುವ ತಂತ್ರಜ್ಞರು. ಗ್ರಾಹಕರು ಸುಮಾರು 400. ಮೂರನೇ ವರ್ಷದವರೆಗೆ ಆದಾಯವೆಲ್ಲ ಬಿಡಿ ರಿಪೇರಿ (ಒಪ್ಪಂದವಿಲ್ಲದೆ, ಕೆಟ್ಟಾಗಷ್ಟೇ ಮಾಡಿಸುವುದು) ಮತ್ತು ವಾರ್ಷಿಕ ನಿರ್ವಹಣಾ ಒಪ್ಪಂದಗಳಿಂದಲೇ ಬರುತ್ತಿತ್ತು. ನಾಲ್ಕನೇ ವರ್ಷ ಒಬ್ಬ ತಯಾರಕರ ಡೀಲರ್‌ಗಿರಿ ಸಿಕ್ಕಿತು, ಬೆನ್ನಿಗೇ ಇನ್ನಿಬ್ಬರದು. ಎಂಟನೇ ವರ್ಷದ ಲೆಕ್ಕದಲ್ಲಿ ಹೊಸ ಸಾಧನಗಳ ಮಾರಾಟ ಶೇ 55, ಒಪ್ಪಂದ ಶೇ 33, ಬಿಡಿ ರಿಪೇರಿ ಶೇ 12. ‘ಇನ್ನು ಮುಂದೆ ಮಾರಾಟದ ಕಂಪನಿಯಾಗೋಣ’ ಎಂದು ಯಾರೂ ಯಾವತ್ತೂ ನಿರ್ಧರಿಸಿರಲಿಲ್ಲ. ಪ್ರತಿ ತ್ರೈಮಾಸಿಕ ಸುಲಭದ ದಾರಿ ಹಿಡಿಯುತ್ತ ಬಂದು ಕಂಪನಿ ಅಲ್ಲಿಗೆ ಮುಟ್ಟಿತ್ತು.

ಸಮಸ್ಯೆ ಕಂಡದ್ದು ಹೀಗೆ

ಸೋಮವಾರ ಬೆಳಿಗ್ಗೆ ಆಫೀಸಿಗೆ ಬರುವುದು ಗಂಟೆಗಟ್ಟಲೆ ತಡವಾಗತೊಡಗಿತು. ಒಪ್ಪಂದ ನವೀಕರಣದ ಕಾಗದಗಳಿಗೆ ಓದದೆ ಸಹಿ ಬೀಳುತ್ತಿತ್ತು. ಹಳೆಯ ತಂತ್ರಜ್ಞರು ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಅದೇ ತಯಾರಕರ ಫೋನಾದರೆ ಮರುಮಾತಿಲ್ಲದೆ ಎತ್ತುತ್ತಿದ್ದರು. ಜೊತೆಯವರಿಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಇನ್ನೊಂದು. ತಾಂತ್ರಿಕ ಚರ್ಚೆಯಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವರು ‘ನಿಮಗೆ ಸರಿ ಕಂಡಂತೆ ಮಾಡಿ’ ಎಂದು ಎದ್ದುಹೋಗುತ್ತಿದ್ದರು.

ಈ ಹೊತ್ತಿಗೇ ದೊಡ್ಡ ಕಂಪನಿಯೊಂದು ಕೊಳ್ಳಲು ಮುಂದೆ ಬಂತು. ಷರತ್ತು ಎರಡು. ಸ್ಥಾಪಕಿ ಮೂರು ವರ್ಷ ಅಲ್ಲೇ ಉಳಿಯಬೇಕು. ಬೆಲೆಯ ಮೂರರಲ್ಲೊಂದು ಭಾಗ ಆ ಮೂರು ವರ್ಷಗಳ ಮಾರಾಟದ ಗುರಿ ಮುಟ್ಟಿದರೆ ಮಾತ್ರ ಸಿಗುತ್ತದೆ. ಉತ್ತರ ಕೊಡಲು ನಾಲ್ಕು ತಿಂಗಳ ಗಡುವು. ಸಹ-ಸ್ಥಾಪಕರು ಒಪ್ಪಿಗೆಯ ಕಡೆಗಿದ್ದರು. ಸ್ಥಾಪಕಿಯೂ ಹೆಚ್ಚುಕಡಿಮೆ ಒಪ್ಪಿದ್ದರು. ಇಂಥ ಷರತ್ತಿನ ಅರ್ಥವೇನೆಂದು ಬಿಡಿಸಿ ನೋಡುವವರು ಕಡಿಮೆ: ಯಾವ ಕೆಲಸ ಬೇಸರ ತಂದಿದೆಯೋ ಅದನ್ನೇ ಇನ್ನೂ ಮೂರು ವರ್ಷ, ಇನ್ನಷ್ಟು ಬಿರುಸಾಗಿ ಮಾಡುತ್ತೇನೆಂದು ಬರೆದುಕೊಡುವುದು.

ಮೊದಲು ಮಾಡಿದ ಮೂರು ಪ್ರಯತ್ನ

ಮೊದಲನೆಯದು ರಜೆ. ಮೂರು ವಾರ, ಫೋನಿಲ್ಲದೆ. ರಜೆಯಲ್ಲಿ ಅವರು ಚೆನ್ನಾಗಿಯೇ ಇದ್ದರು. ನಿದ್ದೆ ಬಂತು, ನಗು ಬಂತು. ಹಿಂದಿರುಗಿದ ಎರಡನೇ ದಿನ ಎಲ್ಲ ಮೊದಲಿನಂತಾಯಿತು. ವೈದ್ಯರನ್ನು ಕಂಡದ್ದು ಆಮೇಲೆ. ಮೊದಲೇ ಕಾಣಬೇಕಿತ್ತು, ಏಕೆಂದರೆ ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಹಸಿವು ಕೆಟ್ಟಿದೆ ಎಂದಾದರೆ ಅದು ಖಿನ್ನತೆಯೂ ಆಗಿರಬಹುದು. ಆಗ ವ್ಯವಹಾರದ ಸಲಹೆಗಾರರ ಮಾತು ಕೇಳುತ್ತ ಕೂರುವುದು ಅಪಾಯ. ಇವರಲ್ಲಿ ಖಿನ್ನತೆ ಕಾಣಲಿಲ್ಲ.

ಬರ್ನ್‌ಔಟ್ ಇರಬಹುದೇ ಎಂದೂ ನೋಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದ 11ನೇ ಆವೃತ್ತಿಯು ಬರ್ನ್‌ಔಟನ್ನು ಕಾಯಿಲೆ ಎನ್ನದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಪಟ್ಟಿಮಾಡಿದೆ. ಅದಕ್ಕೆ ಮೂರು ಮುಖ: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಸಿನಿಕತನ ಬರುವುದು, ‘ನನ್ನ ಕೈಲಿ ಏನೂ ಆಗುತ್ತಿಲ್ಲ’ ಎನಿಸುವುದು. ಸ್ಥಾಪಕಿಯಲ್ಲಿ ಎರಡನೆಯದು ಢಾಳಾಗಿತ್ತು. ಮೊದಲನೆಯದು ಅಷ್ಟಿಲ್ಲ, ಮೂರನೆಯದು ಇಲ್ಲವೇ ಇಲ್ಲ. ಕೆಲಸ ತಮಗೆ ಬರುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಈ ವ್ಯತ್ಯಾಸ ಮುಖ್ಯ. ಶಕ್ತಿ ಬರಿದಾದವರಿಗೆ ವಿಶ್ರಾಂತಿಯಿಂದ ಸ್ವಲ್ಪವಾದರೂ ಚೇತರಿಕೆ ಸಿಗುತ್ತದೆ. ಶಕ್ತಿ ಇದ್ದೂ ಮನಸ್ಸು ದೂರ ಸರಿದವರಿಗೆ ರಜೆ ಕೊಟ್ಟರೆ, ಅವರು ಬೇಸರದ ಕೆಲಸಕ್ಕೆ ಹೊಸ ಹುರುಪಿನಿಂದ ಮರಳುತ್ತಾರೆ, ಅಷ್ಟೇ.

ಎರಡನೆಯದು ಧ್ಯೇಯವಾಕ್ಯದ ಕಾರ್ಯಾಗಾರ. ಎರಡು ದಿನ, 40 ಜನ, ಹೊರಗಿನಿಂದ ಬಂದ ಒಬ್ಬ ತರಬೇತುದಾರರು. ‘ಪ್ರತಿ ಸಾಧನಕ್ಕೂ ಎರಡನೇ ಜನ್ಮ’ ಎಂಬರ್ಥದ ವಾಕ್ಯವೊಂದು ಹುಟ್ಟಿ ಗೋಡೆ ಏರಿತು. ಅದೇ ವಾರ ತ್ರೈಮಾಸಿಕದ ಇನ್ಸೆಂಟಿವ್ ಪಟ್ಟಿಯೂ ಹೊರಬಿತ್ತು: ಹೆಚ್ಚು ಹೊಸ ಸಾಧನ ಮಾರಿದ ತಂತ್ರಜ್ಞರಿಗೆ ಬಹುಮಾನ. ಎರಡನ್ನೂ ಒಂದೇ ನೋಟಿಸ್ ಬೋರ್ಡಿನಲ್ಲಿ ಓದಿದ ಹುಡುಗರು ನಕ್ಕರು. ನಕ್ಕಿದ್ದರಲ್ಲಿ ತಪ್ಪೇನಿದೆ?

ಮೂರನೆಯದೇ ಹೆಚ್ಚು ಹಾನಿ ಮಾಡಿತು. ಭಾರ ಇಳಿಸಲೆಂದು ದಿನನಿತ್ಯದ ಕೆಲಸ ನೋಡಿಕೊಳ್ಳುವ ಮುಖ್ಯ ಅಧಿಕಾರಿಯೊಬ್ಬರನ್ನು ನೇಮಿಸಿಕೊಂಡರು. ಅವರು ಸಮರ್ಥರು. ಬಂದ ಕೂಡಲೇ ‘ಕಾರ್ಯಾಚರಣೆ’ ಎನ್ನಬಹುದಾದ ಎಲ್ಲವನ್ನೂ ಸ್ಥಾಪಕಿಯ ಹೆಗಲಿನಿಂದ ಇಳಿಸಿಕೊಂಡರು. ಶುಕ್ರವಾರದ ದೋಷ ಪರಿಶೀಲನೆ, ಬಿಡಿಭಾಗದ ಉಗ್ರಾಣ, ಹೊಸ ತಂತ್ರಜ್ಞರ ತರಬೇತಿ ಮೂರೂ ಅವರ ಪಾಲಿಗೆ ಹೋದವು. ಸ್ಥಾಪಕಿಗೆ ಉಳಿದದ್ದು ತಯಾರಕರ ಜೊತೆಗಿನ ಗುರಿ ಚರ್ಚೆ, ಬ್ಯಾಂಕು, ದೊಡ್ಡ ಗ್ರಾಹಕರ ಭೇಟಿ. ‘ಸ್ಥಾಪಕರು ದೊಡ್ಡ ಚಿತ್ರ ನೋಡಬೇಕು, ಉಳಿದದ್ದನ್ನು ಬಿಟ್ಟುಕೊಡಬೇಕು’ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಯಾವುದನ್ನು ಬಿಟ್ಟುಕೊಡಬೇಕು ಎಂದು ಕೇಳದೆ ಅದನ್ನು ಪಾಲಿಸಿದರೆ ಆಗುವುದು ಇದೇ. ಕೆಲಸದ ಗಂಟೆ ಇಳಿಯಿತು, ಬೇಸರ ಏರಿತು.

ದಿನಚರಿಯ ಲೆಕ್ಕ

ಮಾರಾಟಕ್ಕೆ ಸಹಿ ಹಾಕುವ ಮುನ್ನ ಆರು ವಾರ ಒಂದು ಲೆಕ್ಕ ಬರೆಯಿರಿ ಎಂದು ಸಲಹೆಗಾರರೊಬ್ಬರು ಹೇಳಿದರು. ವಿಧಾನ ಸರಳ, ಪಾಲಿಸುವುದು ಕಷ್ಟ. ದಿನವನ್ನು ಅರ್ಧ ಗಂಟೆಯ ತುಂಡುಗಳಾಗಿ ಮಾಡಿ, ಪ್ರತಿಯೊಂದರ ಎದುರು ಮೂರು ಸಂಗತಿ ಬರೆಯಬೇಕು. ಏನು ಮಾಡಿದೆ ಎಂಬುದು ಒಂದು. ಮಾಡದೆ ಬಿಟ್ಟಿದ್ದರೆ ಯಾರಿಗೆ ತೊಂದರೆಯಾಗುತ್ತಿತ್ತು (ಸಾಧನ ಬಳಸುವವರಿಗೋ, ನೌಕರರಿಗೋ, ತಯಾರಕರಿಗೋ, ಬ್ಯಾಂಕಿಗೋ) ಎಂಬುದು ಇನ್ನೊಂದು. ಮುಗಿದಾಗ ಮನಸ್ಸು ಹೇಗಿತ್ತು ಎಂಬುದಕ್ಕೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಒಂದು ಅಂಕ.

ಆಯಾ ದಿನವೇ ಬರೆಯಬೇಕು ಎಂಬ ನಿಯಮವನ್ನು ಸಡಿಲಿಸಬಾರದು. ಶುಕ್ರವಾರ ಕೂತು ವಾರದ್ದನ್ನೆಲ್ಲ ನೆನಪಿನಿಂದ ತುಂಬಿದರೆ ಜಗಳವಾದ ಮೀಟಿಂಗ್ ಮಾತ್ರ ನೆನಪಾಗುತ್ತದೆ, ಸದ್ದಿಲ್ಲದೆ ಕೊರೆಯುವ ಕೆಲಸ ಕೈಬಿಟ್ಟುಹೋಗುತ್ತದೆ. ಎರಡು ವಾರವೂ ಸಾಲದು. ತಿಂಗಳ ಕೊನೆಯ ಕೆಲಸ, ಒಪ್ಪಂದ ನವೀಕರಣ, ಸಂಬಳದ ದಿನ ಎಲ್ಲವೂ ಒಮ್ಮೆಯಾದರೂ ಲೆಕ್ಕದೊಳಗೆ ಬರಬೇಕು.

ವಾರಕ್ಕೆ ಸರಾಸರಿ 52 ಗಂಟೆ ಕೆಲಸ. ಅದರಲ್ಲಿ, ನಿಂತ ಸಾಧನ ಮತ್ತೆ ಓಡುವುದಕ್ಕೆ ಸಂಬಂಧವಿದ್ದದ್ದು ಸುಮಾರು 4 ಗಂಟೆ. ಆ 4ರಲ್ಲಿ 3 ಗಂಟೆ ಕ್ಯಾಲೆಂಡರಿನಲ್ಲೇ ಇರಲಿಲ್ಲ. ಯಾರೋ ತಂತ್ರಜ್ಞ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದ್ದು, ಹೊತ್ತು ಮೀರಿದ ಮೇಲೆ ಬಂದ ಕರೆ. ಪ್ಲಸ್ 2 ಬಿದ್ದದ್ದೆಲ್ಲ ಅಲ್ಲೇ.

ಇಷ್ಟು ಗೊತ್ತಾಗುವುದು ನಿರೀಕ್ಷಿತವೇ. ನಿರೀಕ್ಷಿಸದೆ ಇದ್ದದ್ದು ಮೈನಸ್ 2ರ ಸಾಲು. ತಯಾರಕರ ಜೊತೆಗಿನ ಗುರಿ ಚರ್ಚೆಗಳೇ ಅತಿ ಕೆಟ್ಟವು ಎಂದು ಸ್ಥಾಪಕಿ ಮೊದಲೇ ಹೇಳಿಟ್ಟಿದ್ದರು. ಅವುಗಳಿಗೆ ಬಿದ್ದದ್ದು ಹೆಚ್ಚಿನಂಶ ಮೈನಸ್ 1. ಮೈನಸ್ 2 ಮತ್ತೆ ಮತ್ತೆ ಬಿದ್ದದ್ದು ಐದೇ ನಿಮಿಷ ಹಿಡಿಯುವ ಒಂದು ಸಣ್ಣ ಕೆಲಸಕ್ಕೆ. ‘ಈ ಸಾಧನ ರಿಪೇರಿಗೆ ಯೋಗ್ಯವಲ್ಲ, ಬದಲಿಸಲು ಶಿಫಾರಸು ಮಾಡುತ್ತೇವೆ’ ಎಂದು ಗ್ರಾಹಕರಿಗೆ ಹೋಗುವ ಪತ್ರಕ್ಕೆ ಸಹಿ ಹಾಕುವುದು. ಆರು ವಾರದಲ್ಲಿ ಅಂಥ 11 ಪತ್ರ.

ಎರಡನೇ ಸಲ ಬಿಚ್ಚಿ ನೋಡಿದಾಗ

ಆ 11 ಸಾಧನಗಳನ್ನೂ ಮತ್ತೆ ನೋಡುವಂತೆ ಸ್ಥಾಪಕಿ ಹಿರಿಯ ತಂತ್ರಜ್ಞರೊಬ್ಬರನ್ನು ಕಳಿಸಿದರು. ಇಡೀ ಪ್ರಕರಣದಲ್ಲಿ ನಿರ್ಣಾಯಕವಾದ ಹೆಜ್ಜೆ ಇದು. ಐದು ಪತ್ರಗಳು ಸರಿಯಾಗಿಯೇ ಇದ್ದವು. ಒಂದು ಆಟೋಕ್ಲೇವಿನ ಒತ್ತಡದ ಪಾತ್ರೆಯಲ್ಲೇ ಬಿರುಕಿತ್ತು. ಅದನ್ನು ಬೆಸುಗೆ ಹಾಕಿ ಓಡಿಸುವುದು ಜೀವದ ಜೊತೆ ಆಟ. ಒಂದು ಆಮ್ಲಜನಕ ಸಾಂದ್ರಕದೊಳಗಿನ, ಗಾಳಿಯಿಂದ ಸಾರಜನಕ ಹೀರಿಕೊಳ್ಳುವ ಜಿಯೊಲೈಟ್ ತೇವ ಹೀರಿ ಕೆಟ್ಟಿತ್ತು, ಕಂಪ್ರೆಸರೂ ಹೋಗಿತ್ತು, ಎರಡನ್ನೂ ಬದಲಿಸಿದರೆ ಹೊಸದರ ಬೆಲೆಗೆ ಹತ್ತಿರ ಬರುತ್ತಿತ್ತು. ಉಳಿದ ಮೂರಕ್ಕೂ ಇಂಥದ್ದೇ ಗಟ್ಟಿ ಕಾರಣಗಳಿದ್ದವು. ಆದರೆ ಆರು ಸಾಧನ ರಿಪೇರಿ ಆಗುವಂತಿದ್ದವು. ಎರಡು ಸೆಂಟ್ರಿಫ್ಯೂಜ್‌ಗಳಿಗೆ ಬ್ರಷ್ ಮತ್ತು ಮುಚ್ಚಳದ ಸ್ವಿಚ್ ಸಾಕಿತ್ತು. ಎರಡು ಸೂಕ್ಷ್ಮದರ್ಶಕಗಳಿಗೆ ಬೇಕಿದ್ದದ್ದು ಹಳೆ ಗ್ರೀಸ್ ತೆಗೆದು ಹೊಸದು ಹಚ್ಚುವ ಅರ್ಧ ದಿನದ ಕೆಲಸ. ಒಂದು ಆಟೋಕ್ಲೇವಿಗೆ ಗ್ಯಾಸ್ಕೆಟ್ ಮತ್ತು ಹೀಟಿಂಗ್ ಎಲಿಮೆಂಟ್, ರಕ್ತದಂಥ ಮಾದರಿ ಪರೀಕ್ಷಿಸುವ ಒಂದು ಅನಲೈಸರಿಗೆ ದೀಪ ಮತ್ತು ಪಂಪಿನ ಕೊಳವೆ.

ಯಾವ ಸಂಗತಿಯ ವಿರುದ್ಧ ಕಂಪನಿ ಕಟ್ಟಿದ್ದರೋ, ಅದೇ ಪತ್ರ ಅವರದೇ ಲೆಟರ್‌ಹೆಡ್ಡಿನಲ್ಲಿ, ಅವರದೇ ಸಹಿಯಲ್ಲಿ ಹೋಗುತ್ತಿತ್ತು. ಓದದೆ ಸಹಿ ಹಾಕುತ್ತಿದ್ದುದಕ್ಕೆ ಸೋಮಾರಿತನವೊಂದೇ ಕಾರಣವಾಗಿರಲಾರದು. ಓದಿದರೆ ಸಹಿ ಹಾಕಲು ಆಗುತ್ತಿರಲಿಲ್ಲ.

ಇಲ್ಲಿ ಎಡವುವುದು ಸುಲಭವಿತ್ತು. ತಂತ್ರಜ್ಞರು ಮೋಸ ಮಾಡುತ್ತಿದ್ದಾರೆಂದು ಎಗರಿಬಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸ್ಥಾಪಕಿ ಹಾಗೆ ಮಾಡಲಿಲ್ಲ. ಗ್ರಾಹಕರ ಮತ್ತು ತಂತ್ರಜ್ಞರ ಹೆಸರು ಅಳಿಸಿ 11 ಪತ್ರಗಳನ್ನೂ ಶುಕ್ರವಾರದ ಸಭೆಗೆ ತಂದರು. ‘ನಿಮ್ಮ ಸ್ವಂತ ದುಡ್ಡಾಗಿದ್ದರೆ ಇದರಲ್ಲಿ ಯಾವುದನ್ನು ರಿಪೇರಿ ಮಾಡಿಸುತ್ತಿದ್ದಿರಿ?’ ಎಂದು ಕೇಳಿ ಗುರುತು ಹಾಕಲು ಹೇಳಿದರು. ತಂತ್ರಜ್ಞರು ಏಳಕ್ಕೆ ಗುರುತು ಹಾಕಿದರು, ಹಿರಿಯರ ಲೆಕ್ಕಕ್ಕಿಂತ ಒಂದು ಹೆಚ್ಚು. ಆಮೇಲೆ ಒಬ್ಬರು ಬಾಯಿಬಿಟ್ಟರು: ‘ಮೇಡಂ, ನಮಗೆ ಗೊತ್ತಿಲ್ಲ ಅಂತಲ್ಲ. ಎರಡನೇ ಸಲ ಹೋದರೆ ನಮ್ಮ ಪಾಯಿಂಟ್ ಹೋಗುತ್ತೆ.’

ಕಂಪನಿ ಅಳೆಯುತ್ತಿದ್ದದ್ದು ಎರಡನ್ನು. ಕರೆ ಬಂದ 24 ಗಂಟೆಯೊಳಗೆ ತಲುಪಿದರೇ ಎಂಬುದು ಮೊದಲನೆಯದು. ಮೊದಲ ಭೇಟಿಯಲ್ಲೇ ದೂರು ಮುಗಿಯಿತೇ ಎಂಬುದು ಎರಡನೆಯದು. ಬ್ರಷ್ ಬದಲಿಸಲು ಭಾಗ ತರಿಸಬೇಕು, ಮತ್ತೆ ಹೋಗಬೇಕು, ಅಂಕ ಕಳೆದುಕೊಳ್ಳಬೇಕು. ‘ಯೋಗ್ಯವಲ್ಲ’ ಎಂದು ಬರೆದರೆ ದೂರು ಅಲ್ಲೇ ಮುಕ್ತಾಯ, ಮೇಲೆ ಹೊಸದು ಮಾರಿದ ಕಮಿಷನ್. ಒಪ್ಪಂದದ ಲೆಕ್ಕವೂ ಇದಕ್ಕೆ ಒತ್ತು ಕೊಡುತ್ತಿತ್ತು. ಬಿಡಿಭಾಗ ಸೇರಿಸಿದ ಒಪ್ಪಂದದಲ್ಲಿ ಹಳೆಯ ಸಾಧನ ಎಂದರೆ ಕಂಪನಿಗೆ ಖರ್ಚು. ಅದನ್ನು ಪಟ್ಟಿಯಿಂದ ತೆಗೆದಷ್ಟೂ ಲಾಭ. ಅಳತೆಯನ್ನೇ ಗುರಿ ಮಾಡಿಕೊಂಡರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆದದ್ದರಿಂದ ಬೆಳೆದು ಬಂದದ್ದು. 28 ಜನರ ಸರ್ವಿಸ್ ತಂಡಕ್ಕೂ ಅದು ಹಾಗೇ ಅನ್ವಯಿಸಿತು.

ಬದಲಾಯಿಸಿದ್ದೇನು

ಮೊದಲು ನಗದಿನ ಲೆಕ್ಕ. ಹೊಸ ಮಾರಾಟ ಅರ್ಧಕ್ಕೆ ಇಳಿದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳ ಸಂಬಳಕ್ಕೆ ಸಾಕು? ಏಳು ತಿಂಗಳಿಗೆ ಎಂದು ಬಂತು. ಮೂರು ತಿಂಗಳಿಗಿಂತ ಕೆಳಗಿಳಿದರೆ ನೇಮಕಾತಿ, ಹೊಸ ವಾಹನ, ತರಬೇತಿ ಎಲ್ಲ ನಿಲ್ಲಬೇಕು ಎಂಬ ಗೆರೆ ಎಳೆದಿಟ್ಟರು. ಈ ಲೆಕ್ಕ ಮಾಡದೆ ‘ಇನ್ನು ನಾವು ನಮ್ಮ ಮೂಲಕ್ಕೆ ಮರಳುತ್ತೇವೆ’ ಎಂದು ಘೋಷಿಸುವವರು ಆರು ತಿಂಗಳಲ್ಲಿ ಹಳೆಯ ದಾರಿಗೇ ಬಂದು ನಿಲ್ಲುತ್ತಾರೆ, ಅದೂ ಮರ್ಯಾದೆ ಕಳೆದುಕೊಂಡು.

ಅಳತೆಯನ್ನು ಬದಲಿಸಿದರು. ವಾರದ ವರದಿಯ ಮೊದಲ ಸಾಲಿನಲ್ಲಿ ಇನ್ನು ‘ನಿಂತ ದಿನಗಳು’: ಗ್ರಾಹಕರು ಕರೆ ಮಾಡಿದ ದಿನದಿಂದ, ಸಾಧನ ಓಡುತ್ತಿದೆ ಎಂದು ಬಳಸುವವರೇ ಸಹಿ ಮಾಡುವ ದಿನದವರೆಗೆ. 24 ಗಂಟೆಯ ಅಳತೆ ಉಳಿಯಿತು, ಆದರೆ ಕೆಳಗೆ. ಮೊದಲ ತಿಂಗಳಲ್ಲೇ ಇದಕ್ಕೂ ಕಳ್ಳದಾರಿ ಹುಟ್ಟಿತು. ತಾತ್ಕಾಲಿಕವಾಗಿ ಓಡುವಂತೆ ಮಾಡಿ ಸಹಿ ಪಡೆಯುವುದು, ವಾರದಲ್ಲಿ ಮತ್ತೆ ಅದೇ ದೂರು. ಅದೇ ದೋಷ 30 ದಿನದೊಳಗೆ ಮರುಕಳಿಸಿದರೆ ಎಣಿಕೆ ಮೊದಲ ದಿನದಿಂದಲೇ ಮುಂದುವರಿಯುತ್ತದೆ ಎಂಬ ನಿಯಮ ತಂದ ಮೇಲೆ ಅದು ನಿಂತಿತು.

ತಂತ್ರಜ್ಞರಿಗೆ ಮಾರಾಟದ ಕಮಿಷನ್ ರದ್ದಾಯಿತು. ಆದರೆ ಒಬ್ಬರ ಕೈಗೂ ಕಡಿಮೆ ಬಾರದಂತೆ, ಹಿಂದಿನ 12 ತಿಂಗಳಲ್ಲಿ ಅವರವರು ಗಳಿಸಿದ ಕಮಿಷನ್ನಿನ ಸರಾಸರಿಯನ್ನು ಮೂಲ ಸಂಬಳಕ್ಕೆ ಸೇರಿಸಿದರು. ಇದು ದುಬಾರಿ. ಆದರೆ ಸ್ಥಾಪಕರ ಉದ್ದೇಶಕ್ಕೆ ನೌಕರರ ಜೇಬಿನಿಂದ ಬೆಲೆ ಕಟ್ಟಿಸುವುದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ಅದು ಕೆಲಸಕ್ಕೂ ಬರುವುದಿಲ್ಲ. ಮಾರಾಟವನ್ನು ಬೇರೆಯೇ ಇಬ್ಬರಿಗೆ ವಹಿಸಿದರು.

‘ಬದಲಿಸಿ’ ಎನ್ನುವ ಪತ್ರಕ್ಕೆ ಎರಡು ಸಹಿ ಬೇಕಾಯಿತು, ಜೊತೆಗೆ ಒಂದು ಪುಟದ ನಮೂನೆ. ಕೆಟ್ಟ ಭಾಗ ಯಾವುದು, ಅದನ್ನು ಯಾವ ಮೂರು ಕಡೆ ಹುಡುಕಲಾಯಿತು, ರಿಪೇರಿ ಖರ್ಚು ಹೊಸದರ ಬೆಲೆಯ ಎಷ್ಟು ಭಾಗ, ಸುರಕ್ಷತೆಯ ಪ್ರಶ್ನೆ ಇದೆಯೇ. ಖರ್ಚು ಶೇ 60 ದಾಟಿದರೆ ಬದಲಿಸಲು ಶಿಫಾರಸು ಮಾಡಬಹುದು, ಆದರೆ ಲೆಕ್ಕವನ್ನು ಗ್ರಾಹಕರಿಗೆ ತೋರಿಸಿಯೇ. ಒತ್ತಡದ ಪಾತ್ರೆಯ ಬಿರುಕು, ವಿದ್ಯುತ್ ನಿರೋಧನ ಕೆಟ್ಟಿರುವುದು ಇಂಥವಕ್ಕೆ ಚರ್ಚೆಯೇ ಇಲ್ಲ. ಸಾಧನವನ್ನು ಅಂದೇ ಬಳಕೆಯಿಂದ ತೆಗೆಸಬೇಕು. ರಿಪೇರಿಯ ಹುಮ್ಮಸ್ಸಿನಲ್ಲಿ ಈ ಕೊನೆಯ ನಿಯಮ ಮರೆತರೆ ಅನಾಹುತ.

ಒಪ್ಪಂದಕ್ಕೂ ಒಂದು ಕಲಂ ಸೇರಿತು. ಸಾಧನ ಐದು ದಿನಕ್ಕಿಂತ ಹೆಚ್ಚು ನಿಂತರೆ, ಹೆಚ್ಚಾದ ಪ್ರತಿ ದಿನಕ್ಕೆ ಒಪ್ಪಂದದ ಅವಧಿ ಎರಡು ದಿನ ಮುಂದಕ್ಕೆ ಹೋಗುತ್ತದೆ.

ಸ್ಥಾಪಕಿಯ ವಾರ ತಲೆಕೆಳಗಾಯಿತು. ಶುಕ್ರವಾರದ ದೋಷ ಪರಿಶೀಲನೆ ಮತ್ತು ಬಿಡಿಭಾಗದ ಉಗ್ರಾಣ ಅವರಿಗೆ ವಾಪಸ್ಸು ಬಂದವು. ತಯಾರಕರ ಜೊತೆಗಿನ ಮಾತುಕತೆಯೂ ಬ್ಯಾಂಕಿನ ಕೆಲಸವೂ ಮುಖ್ಯ ಅಧಿಕಾರಿಯ ಪಾಲಾದವು. ಹಸ್ತಾಂತರಕ್ಕೆ ಆರು ವಾರ ಇಟ್ಟುಕೊಂಡರು: ಎರಡು ವಾರ ಅಧಿಕಾರಿ ಪಕ್ಕದಲ್ಲಿ ಕೂತು ನೋಡುವುದು, ಎರಡು ವಾರ ಇಬ್ಬರೂ ಸೇರಿ ಮಾಡುವುದು, ಎರಡು ವಾರ ಅವರೊಬ್ಬರೇ ಮಾಡಿ ವರದಿ ಒಪ್ಪಿಸುವುದು. ತಿಂಗಳಿಗೊಮ್ಮೆ ಸ್ಥಾಪಕಿ ಒಬ್ಬ ತಂತ್ರಜ್ಞರ ಜೊತೆ ಗ್ರಾಹಕರ ಬಳಿ ಹೋಗಿ, ಸಾಧನ ಬಳಸುವವರನ್ನೇ ಮಾತನಾಡಿಸುವುದೂ ಕ್ಯಾಲೆಂಡರಿಗೆ ಬಂತು. ಇದರ ಹಿಂದೆ ಗಟ್ಟಿ ಆಧಾರವಿದೆ. ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಸಿಬ್ಬಂದಿಯನ್ನು, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರ ಜೊತೆ ಕೆಲವೇ ನಿಮಿಷ ಮಾತಿಗೆ ಕೂರಿಸಿದಾಗ, ತಿಂಗಳ ನಂತರ ಅವರು ಫೋನಿನಲ್ಲಿ ಕಳೆದ ಹೊತ್ತೂ ಸಂಗ್ರಹಿಸಿದ ಹಣವೂ ಹೆಚ್ಚಿದ್ದನ್ನು ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತ್ತು. ದೊಡ್ಡ ಗ್ರಾಹಕ ಸಂಸ್ಥೆಯ ಖರೀದಿ ಅಧಿಕಾರಿಯನ್ನು ಕಂಡು ಬರುವುದರಿಂದ ಈ ಪರಿಣಾಮ ಸಿಗುವುದಿಲ್ಲ.

ಕೊಳ್ಳುವವರಿಗೆ ಕೇಳಿದ ಮೂರು ಪ್ರಶ್ನೆ

ಗಡುವಿಗೆ ಇನ್ನೂ ಐದು ವಾರವಿತ್ತು. ಸ್ಥಾಪಕಿ ಕೊಳ್ಳುವ ಕಂಪನಿಗೆ ಬರವಣಿಗೆಯಲ್ಲಿ ಮೂರು ಪ್ರಶ್ನೆ ಕಳಿಸಿದರು. ಬಿಡಿ ರಿಪೇರಿ ವಿಭಾಗ ಎರಡು ವರ್ಷದ ನಂತರವೂ ಇರುತ್ತದೆಯೇ? ಹಳೆಯ ಮಾದರಿಗಳ ಬಿಡಿಭಾಗದ ಉಗ್ರಾಣ ಉಳಿಯುತ್ತದೆಯೇ? ‘ಬದಲಿಸಿ’ ಎನ್ನುವ ಪತ್ರಕ್ಕೆ ಯಾರು ಸಹಿ ಹಾಕುತ್ತಾರೆ? ಉತ್ತರ ಪ್ರಾಮಾಣಿಕವಾಗಿತ್ತು. ಉಗ್ರಾಣವನ್ನು ಒಂದು ವರ್ಷದಲ್ಲಿ ಮುಚ್ಚುತ್ತೇವೆ, ಪತ್ರ ಮಾರಾಟ ವಿಭಾಗದಿಂದ ಹೋಗುತ್ತದೆ. ಅಷ್ಟರಿಂದ ಸ್ಥಾಪಕಿಯ ಮಟ್ಟಿಗೆ ನಿರ್ಧಾರವಾಯಿತು.

ಸಹ-ಸ್ಥಾಪಕರ ಮಟ್ಟಿಗೆ ಆಗಲಿಲ್ಲ. ಕಂಪನಿಯನ್ನು ಕಟ್ಟಿ, ಒಳ್ಳೆಯ ಬೆಲೆಗೆ ಮಾರಿ, ಮುಂದಿನದಕ್ಕೆ ಹೋಗುವುದು ಅವರಿಗೆ ಮೊದಲಿನಿಂದಲೂ ಇದ್ದ ಗುರಿ. ಅದು ಕೀಳೇನಲ್ಲ. ಇಬ್ಬರೂ ಇದನ್ನು ಮೊದಲ ವರ್ಷವೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಸಮಸ್ಯೆ ಅದು. ಸ್ವತಂತ್ರ ಮೌಲ್ಯಮಾಪಕರು ಕಟ್ಟಿದ ಬೆಲೆಗೆ ಅವರ ಷೇರುಗಳನ್ನು 36 ಮಾಸಿಕ ಕಂತುಗಳಲ್ಲಿ ಕೊಳ್ಳುವುದೆಂದಾಯಿತು. ಮಾತುಕತೆಗೆ ಎರಡು ತಿಂಗಳು ಹಿಡಿಯಿತು, ಸ್ನೇಹ ಮಾತ್ರ ಪೂರ್ತಿ ಉಳಿಯಲಿಲ್ಲ.

ಏನಾಯಿತು

ಮೊದಲ ವರ್ಷ ಆದಾಯ ಶೇ 18ರಷ್ಟು ಬಿತ್ತು. ಗುರಿ ಮುಟ್ಟಲಿಲ್ಲವೆಂದು ಒಬ್ಬ ತಯಾರಕರು ಡೀಲರ್ ಮಾರ್ಜಿನ್ ಕಡಿತ ಮಾಡಿದರು. ಮೂವರು ತಂತ್ರಜ್ಞರು ಬಿಟ್ಟುಹೋದರು, ಇಬ್ಬರು ಮಾರಾಟದಲ್ಲಿ ಎಲ್ಲರಿಗಿಂತ ಮುಂದಿದ್ದವರು. ನಗದು ಒಂದು ಹಂತದಲ್ಲಿ ನಾಲ್ಕು ತಿಂಗಳ ಸಂಬಳದ ಮಟ್ಟಕ್ಕೆ ಇಳಿದಿತ್ತು, ಗೆರೆ ದಾಟಲಿಲ್ಲ. ಸರಾಸರಿ ‘ನಿಂತ ದಿನಗಳು’ ಹತ್ತು ತಿಂಗಳಲ್ಲಿ 9ರಿಂದ 4ಕ್ಕೆ ಬಂದವು. ಒಪ್ಪಂದ ನವೀಕರಿಸುವವರು ಹೆಚ್ಚಿದ್ದರಿಂದ 20ನೇ ತಿಂಗಳ ಹೊತ್ತಿಗೆ ಆದಾಯ ಮೊದಲಿನ ಮಟ್ಟದ ಹತ್ತಿರಕ್ಕೆ ಬಂತು, ಪೂರ್ತಿ ಮುಟ್ಟಿರಲಿಲ್ಲ.

ಸ್ಥಾಪಕಿಯ ವಾರದಲ್ಲಿ ಸಾಧನಕ್ಕೆ ಸಂಬಂಧಿಸಿದ ಗಂಟೆಗಳು 4ರಿಂದ 13ಕ್ಕೆ ಏರಿದವು. ಆದರೆ ಹತ್ತನೇ ತಿಂಗಳ ಬೆನ್ನಿಗೇ ಹೊಸದೊಂದು ತೊಡಕು ಕಂಡಿತು. ‘ನಿಂತ ದಿನಗಳು’ ಮತ್ತೆ ಏರತೊಡಗಿದ್ದವು. ಕಾರಣ ಹುಡುಕಿದರೆ ಅದು ಅವರ ಮೇಜಿನ ಮೇಲೇ ಇತ್ತು. ಎರಡನೇ ಸಹಿ ಅವರದೇ ಆಗಿದ್ದರಿಂದ, ಪ್ರತಿ ನಮೂನೆಯನ್ನೂ ಅವರು ಪ್ರೀತಿಯಿಂದ, ವಿವರವಾಗಿ, ಕೆಲವೊಮ್ಮೆ ತಾವೇ ಸಾಧನ ಬಿಚ್ಚಿ ನೋಡುತ್ತಿದ್ದರು. ಪತ್ರಗಳು ಐದೈದು ದಿನ ಕಾಯುತ್ತಿದ್ದವು. ಇಷ್ಟದ ಕೆಲಸ ಮರಳಿ ಸಿಕ್ಕ ಖುಷಿಯಲ್ಲಿ ಅವರೇ ಅಡ್ಡಿಯಾಗಿದ್ದರು. ಸಲಹೆಗಾರರು ಇದನ್ನು ಮೊದಲೇ ಊಹಿಸಬೇಕಿತ್ತು. ಕೆಲಸದಿಂದ ದೂರವಾಗಿ ಮರಳಿದ ಸ್ಥಾಪಕರಲ್ಲಿ ಇದು ಅಪರೂಪವೇನಲ್ಲ. ಎರಡನೇ ಸಹಿಯನ್ನು ಇಬ್ಬರು ಹಿರಿಯ ತಂತ್ರಜ್ಞರಿಗೆ ಕೊಟ್ಟು, ಐದರಲ್ಲೊಂದು ಪತ್ರವನ್ನು ಹೋದ ಮೇಲೆ ಸ್ಥಾಪಕಿ ನೋಡುವುದೆಂದು ಮಾಡಿದರು. ಕಾಯುವ ದಿನ ಒಂದಕ್ಕೆ ಇಳಿಯಿತು. ಅವರಿಗೆ ಇದು ಸಲೀಸಾಗಿ ಹಿಡಿಸಲಿಲ್ಲ.

ಬೇರೆಯವರು ಇದರಿಂದ ಏನನ್ನು ತೆಗೆದುಕೊಳ್ಳಬಹುದು

ದಿನಚರಿಯ ಲೆಕ್ಕವನ್ನು ಯಾವ ವ್ಯವಹಾರಕ್ಕೂ ಬಳಸಬಹುದು. ಆದರೆ ಅದರಲ್ಲಿ ಹುಡುಕಬೇಕಾದ್ದು ಹೆಚ್ಚು ಹೊತ್ತು ತಿನ್ನುವ ಕೆಲಸವನ್ನಲ್ಲ. ಐದೇ ನಿಮಿಷ ಹಿಡಿದು, ಮುಖ ತಿರುಗಿಸಿಕೊಂಡು ಮುಗಿಸುವ ನಿರ್ಧಾರವೊಂದು ಇರುತ್ತದೆ: ಒಂದು ಸಹಿ, ಒಂದು ವಿನಾಯಿತಿ, ಉತ್ತರಿಸದೆ ಬಿಟ್ಟ ಒಂದು ಬಗೆಯ ದೂರು. ಅದು ಸಿಕ್ಕರೆ, ಕಂಪನಿ ಯಾವ ಜಾಗದಲ್ಲಿ ತಾನು ಹುಟ್ಟಿದ ಕಾರಣಕ್ಕೆ ಎದುರಾಗಿ ನಡೆಯುತ್ತಿದೆ ಎಂಬುದೂ ಬಹುಮಟ್ಟಿಗೆ ಸಿಗುತ್ತದೆ. ಆ ಜಾಗದ ಇನ್ಸೆಂಟಿವ್ ಯಾವುದು, ಅಳತೆ ಯಾವುದು ಎಂದು ನೋಡದೆ ಧ್ಯೇಯವಾಕ್ಯ ಬರೆಯಲು ಕೂರಬಾರದು.

ಇಷ್ಟೆಲ್ಲ ಸಾಧ್ಯವಾದದ್ದಕ್ಕೆ ಎರಡು ಅನುಕೂಲಗಳಿದ್ದವು ಎಂಬುದನ್ನು ಮರೆಯುವಂತಿಲ್ಲ. ಬಹುಪಾಲು ಷೇರು ಸ್ಥಾಪಕಿಯ ಕೈಯಲ್ಲಿತ್ತು, ಏಳು ತಿಂಗಳ ಸಂಬಳದ ಹಣವಿತ್ತು. ಹೂಡಿಕೆದಾರರ ಮಂಡಳಿಯಿದ್ದು, ತಮ್ಮದು ಶೇ 20 ಷೇರು ಮಾತ್ರ ಎಂಬ ಸ್ಥಾಪಕರು ಕಮಿಷನ್ನನ್ನು ಒಂದೇ ಏಟಿಗೆ ರದ್ದು ಮಾಡಲಾರರು. ಅವರು ಮಾಡಬಹುದಾದ್ದು ಚಿಕ್ಕದು: ಗ್ರಾಹಕರಿಗೆ ನಿಜವಾಗಿ ತಟ್ಟುವ ಒಂದು ಅಳತೆಯನ್ನು ಮಂಡಳಿಯ ವರದಿಯ ಮೊದಲ ಪುಟಕ್ಕೆ ತರುವುದು, ಎರಡು ತ್ರೈಮಾಸಿಕ ಅದನ್ನು ಆದಾಯದ ಪಕ್ಕದಲ್ಲಿಟ್ಟು ತೋರಿಸುವುದು, ಆಮೇಲೆ ಒಂದೇ ತಂಡದಲ್ಲಿ ಕಮಿಷನ್ ಇಲ್ಲದ ಪ್ರಯೋಗಕ್ಕೆ ಅನುಮತಿ ಕೇಳುವುದು.

ಸಹ-ಸ್ಥಾಪಕರಿದ್ದರೆ, ಕೊಳ್ಳುವವರು ಬಾಗಿಲಿಗೆ ಬರುವ ಮುಂಚೆಯೇ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡು ಅದಲುಬದಲು ಮಾಡಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಎಷ್ಟು ಬೆಲೆಗೆ ಮಾರುತ್ತೀರಿ? ಯಾವ ಷರತ್ತಿದ್ದರೆ ಎಷ್ಟೇ ಬೆಲೆ ಕೊಟ್ಟರೂ ಮಾರುವುದಿಲ್ಲ? ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ಸಾಕು. ಈ ಪ್ರಕರಣದಲ್ಲಿ ಅದು ಎಂಟು ವರ್ಷ ನಡೆದಿರಲಿಲ್ಲ.

ಎರಡನೇ ವರ್ಷ ಮುಗಿಯುವಾಗ ಕಂಪನಿಯ ಮುಂದೆ ಬಗೆಹರಿಯದ ಪ್ರಶ್ನೆಯೊಂದು ಉಳಿದಿತ್ತು. ಹೊಸ ಅನಲೈಸರ್‌ಗಳಲ್ಲಿ ದೋಷ ಪತ್ತೆಯ ತಂತ್ರಾಂಶ ತಯಾರಕರ ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ, ಪಾಸ್‌ವರ್ಡ್ ಸಿಗುವುದು ಮಾರಾಟದ ಗುರಿ ಒಪ್ಪಿಕೊಂಡ ಡೀಲರ್‌ಗಳಿಗೆ. ಗುರಿ ಒಪ್ಪಿದರೆ ಹಳೆಯ ಒತ್ತಡ ಮತ್ತೆ ಒಳಗೆ ಬರುತ್ತದೆ, ಒಪ್ಪದಿದ್ದರೆ ಆ ಸಾಧನಗಳ ರಿಪೇರಿಯನ್ನೇ ಬಿಡಬೇಕು. ಸದ್ಯಕ್ಕೆ ಒಬ್ಬ ತಯಾರಕರ ಜೊತೆ ಮಾತ್ರ, ಒಂದು ವರ್ಷದ ಮಟ್ಟಿಗೆ, ಕಡಿಮೆ ಗುರಿಗೆ ಸಹಿ ಹಾಕಿದ್ದಾರೆ. ಗುರಿಯ ಹೊಣೆ ಮಾರಾಟದ ಇಬ್ಬರದು. ಆ ಅಂಕಿ ತಂತ್ರಜ್ಞರ ವರದಿಯಲ್ಲಿ ಬರುವಂತಿಲ್ಲ ಎಂದು ಬರೆದಿಟ್ಟಿದ್ದಾರೆ.